ಸದ್ದಿನಿಂದ ನೋಟ, ಸ್ಪರ್ಶದಿಂದ ಓದು: ದೃಷ್ಟಿಯಿಲ್ಲದವರ ಮಿದುಳು ಹೇಗೆ ಒಗ್ಗಿಕೊಳ್ಳುತ್ತದೆ?

ಓದುಗರ ಪ್ರಶ್ನೆ (ಹಾವೇರಿ ಜಿಲ್ಲೆಯಿಂದ, ಹೆಸರು ಬೇಡವೆಂದಿದ್ದಾರೆ):

"ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ರೆಟಿನಾದ ತೊಂದರೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಹೇಳಿದ್ದಾರೆ. ಬ್ರೈಲ್ ಕಲಿಯುತ್ತಿದ್ದಾಳೆ, ಬೆರಳು ಚುರುಕಾಗಿದೆ. ಹಾರ್ಮೋನಿಯಂ ಎಂದರೆ ಪ್ರಾಣ. ಅವಳ ಸೋದರಮಾವನಿಗೆ ನಲವತ್ತೆರಡು. ಗ್ಲಾಕೋಮಾದಿಂದ ಎರಡು ವರ್ಷದ ಹಿಂದೆ ಪೂರ್ತಿ ದೃಷ್ಟಿ ಹೋಯಿತು. ಕಿರಾಣಿ ಅಂಗಡಿ ನಡೆಸುತ್ತಿದ್ದವನು ಈಗ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಈಚೆಗೆ ಒಂದು ವಿಡಿಯೊ ನೋಡಿದೆ. ಕ್ಯಾಮೆರಾ ಇರುವ ಕನ್ನಡಕ ಹಾಕಿಕೊಂಡು, ಕಿವಿಯಲ್ಲಿ ಬರುವ ಸದ್ದು ಕೇಳುತ್ತ, ಅಂಧ ಮಹಿಳೆಯೊಬ್ಬರು ಮೇಜಿನ ಮೇಲಿನ ಲೋಟವನ್ನು ಎತ್ತಿಕೊಳ್ಳುತ್ತಾರೆ. ಅದೇ ವಾರ ನಮ್ಮೂರಿಗೆ ಮಿಡ್‌ಬ್ರೈನ್ ಆಕ್ಟಿವೇಶನ್ ಶಿಬಿರದವರು ಬಂದು, ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳಿಂದ ಓದಿಸಿ ತೋರಿಸಿದರು. ದೃಷ್ಟಿಯಿಲ್ಲದ ಮಗುವಿಗೂ ಕಲಿಸಬಹುದು, ಹನ್ನೆರಡು ವರ್ಷದೊಳಗೆ ಮಾಡಿಸದಿದ್ದರೆ ಮಿದುಳು ಮುಚ್ಚಿಹೋಗುತ್ತದೆ ಎಂದರು. ಇವೆರಡೂ ಒಂದೇ ವಿದ್ಯೆಯೇ? ಬ್ರೈಲ್ ಬಿಡಿಸಿ ಇದಕ್ಕೆ ಸೇರಿಸಬೇಕೇ? ಸಾಲ ಮಾಡಿಯಾದರೂ ಸಾಧನ ತರಿಸಬೇಕೇ? ತಡ ಮಾಡಿ ಮಗಳಿಗೆ ಅನ್ಯಾಯ ಮಾಡುತ್ತಿದ್ದೇನೆಯೇ ಎಂಬ ಚಿಂತೆಯಿಂದ ನಿದ್ದೆ ಹತ್ತುತ್ತಿಲ್ಲ."

ಉತ್ತರ:

ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ನಿದ್ದೆ ಕೆಡಿಸಿರುವುದು ಅದೇ ತಾನೇ. ನೀವು ತಡ ಮಾಡಿಲ್ಲ. ಒಂಬತ್ತನೇ ವಯಸ್ಸಿಗೆ ಮಗಳ ಬೆರಳು ಬ್ರೈಲ್ ಸಾಲಿನ ಮೇಲೆ ಸಲೀಸಾಗಿ ಓಡುತ್ತಿದೆ ಎಂದರೆ, ಯಾವ ಕಲಿಕೆಗೆ ವಯಸ್ಸು ನಿಜಕ್ಕೂ ಮುಖ್ಯವೋ ಅದು ನಿಮ್ಮ ಮನೆಯಲ್ಲಿ ಆಗಲೇ ನಡೆಯುತ್ತಿದೆ. ನೀವು ವಿಡಿಯೊದಲ್ಲಿ ಕಂಡ ಸಾಧನವೂ ಬ್ರೈಲ್ ಕೂಡ ಒಂದೇ ಕುಲಕ್ಕೆ ಸೇರಿದವು. ಒಂದು ಇಂದ್ರಿಯದ ಕೆಲಸವನ್ನು ಇನ್ನೊಂದರಿಂದ ಮಾಡಿಸುವುದು ಎರಡರ ಉದ್ದೇಶ. ಎರಡರಲ್ಲಿ ಬ್ರೈಲ್ ಹಳೆಯದು, ಅಗ್ಗದ್ದು, ಇದುವರೆಗೆ ಅತಿ ಹೆಚ್ಚು ಜನರಿಗೆ ಫಲ ಕೊಟ್ಟಿರುವುದೂ ಅದೇ. ಶಿಬಿರದವರು ತೋರಿಸಿದ್ದಕ್ಕೂ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ.

ಆ ಶಿಬಿರದ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಮಿಡ್‌ಬ್ರೈನ್, ಅಂದರೆ ನಡುಮಿದುಳು, ಮಿದುಳಿನ ಕಾಂಡದ ಮೇಲ್ತುದಿಯಲ್ಲಿರುವ ಒಂದು ಚಿಕ್ಕ ಭಾಗ. ಕಣ್ಣುಗುಡ್ಡೆಗಳು ಹೊರಳಲು, ಪಾಪೆ ಹಿಗ್ಗಿ ಕುಗ್ಗಲು, ಸದ್ದು ಬಂದ ಕಡೆಗೆ ತಲೆ ತಿರುಗಲು ಅದು ಬೇಕು. ಹುಟ್ಟುವ ಮೊದಲೇ ಅದು ಕೆಲಸ ಆರಂಭಿಸಿರುತ್ತದೆ. ಅದಕ್ಕೆ ಬಲವಾದ ಪೆಟ್ಟು ಬಿದ್ದರೆ ಮನುಷ್ಯ ಎಚ್ಚರದಲ್ಲೇ ಇರುವುದಿಲ್ಲ. ಶಿಬಿರದಲ್ಲಿ ಹೊಸದಾಗಿ ಎಬ್ಬಿಸುವಂಥದ್ದು ಅಲ್ಲಿ ಏನೂ ಇಲ್ಲ. ಇನ್ನು ಪಟ್ಟಿ ಕಟ್ಟಿದ ಮಕ್ಕಳು ಓದುವುದು ಹೇಗೆ? ಮೂಗಿನ ಎರಡೂ ಬದಿಯಲ್ಲಿ ಪಟ್ಟಿ ಕೆನ್ನೆಗೆ ಒತ್ತಿ ಕೂರುವುದಿಲ್ಲ, ಸಣ್ಣ ಸಂದು ಉಳಿಯುತ್ತದೆ. ಆ ಮಕ್ಕಳು ಕಾರ್ಡನ್ನು ಎಲ್ಲಿ ಹಿಡಿಯುತ್ತಾರೆ ಎಂದು ಇನ್ನೊಮ್ಮೆ ಗಮನಿಸಿ. ಎದೆಯ ಹತ್ತಿರ, ಕೆಳಗೆ ಹಿಡಿದು, ಗಲ್ಲವನ್ನು ತುಸು ಎತ್ತಿರುತ್ತಾರೆ. ಅದೇ ಕಾರ್ಡನ್ನು ಹಣೆಯ ಎತ್ತರದಲ್ಲಿ ಹಿಡಿದರೆ ಓದು ನಿಲ್ಲುತ್ತದೆ. ಕೋಣೆಯ ದೀಪ ಆರಿಸಿದರೂ ನಿಲ್ಲುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಅನೇಕ ವರ್ಷಗಳಿಂದ ಸಾರ್ವಜನಿಕವಾಗಿ ವಿರೋಧಿಸುತ್ತ ಬಂದಿದ್ದಾರೆ. ಮಕ್ಕಳನ್ನು ದೂರಬೇಡಿ. ದೊಡ್ಡವರು ಮೆಚ್ಚುವುದನ್ನು ಮಾಡುವುದು ಮಕ್ಕಳ ಸ್ವಭಾವ. ನನಗೆ ಸಂಕಟವಾಗುವುದು ನಿಜವಾಗಿ ದೃಷ್ಟಿಯಿಲ್ಲದ ಮಗುವನ್ನು ಅಲ್ಲಿ ಕೂರಿಸಿದಾಗ. ಅದಕ್ಕೆ ಇಣುಕಿ ನೋಡಲೂ ಆಗುವುದಿಲ್ಲ, ಆಗದಿದ್ದಾಗ "ನಿನ್ನ ಏಕಾಗ್ರತೆ ಸಾಲದು" ಎಂಬ ಮಾತು ಕೇಳಬೇಕು. ಆ ಮಾತನ್ನು ನಂಬಿ, ತನ್ನಲ್ಲೇ ಏನೋ ದೋಷವಿದೆ ಎಂದು ಕುಗ್ಗಿದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಅದು.

ಈಗ ವಿಡಿಯೊಗೆ ಬರೋಣ. ಅದರಲ್ಲಿ ಮೋಸವಿಲ್ಲ. ಅದರ ಹಿಂದೆ ಅರ್ಧ ಶತಮಾನಕ್ಕೂ ಹೆಚ್ಚಿನ ವಿಜ್ಞಾನವಿದೆ. 1969ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಾಲ್ ಬಾಕ್-ಇ-ರೀಟಾ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ತಂಡ ದಂತವೈದ್ಯರ ಹಳೆಯ ಕುರ್ಚಿಯೊಂದರ ಬೆನ್ನೊರಗಿಗೆ 400 ಕಂಪಿಸುವ ಮೊಳೆಗಳನ್ನು ಜೋಡಿಸಿತು. ಸಾಲಿಗೆ ಇಪ್ಪತ್ತರಂತೆ ಇಪ್ಪತ್ತು ಸಾಲು. ಮುಂದಿರುವ ಕ್ಯಾಮೆರಾ ನೋಡಿದ ಚಿತ್ರ ಕುಳಿತವರ ಬೆನ್ನಿನ ಮೇಲೆ ಕಂಪನವಾಗಿ ಮೂಡುತ್ತಿತ್ತು. ಮೊದಲು ಅವರು ಗೆರೆಗಳನ್ನು, ಆಕಾರಗಳನ್ನು ಗುರುತಿಸಿದರು. ಅಭ್ಯಾಸವಾದ ಮೇಲೆ ಟೆಲಿಫೋನ್, ಲೋಟ, ಕುರ್ಚಿಯಂಥ ವಸ್ತುಗಳನ್ನು ಗುರುತಿಸತೊಡಗಿದರು. ನನ್ನ ದೃಷ್ಟಿಯಲ್ಲಿ ಆ ಪ್ರಯೋಗದ ಅತಿ ಮುಖ್ಯ ಸಂಗತಿ ಬೇರೊಂದಿದೆ. ಕ್ಯಾಮೆರಾವನ್ನು ಬೇರೆಯವರು ಆಡಿಸಿದಾಗ ಕುಳಿತವರಿಗೆ ಬೆನ್ನಿನ ಮೇಲೆ ಕಚಗುಳಿಯಷ್ಟೇ ತಿಳಿಯುತ್ತಿತ್ತು. ಕ್ಯಾಮೆರಾ ಅವರ ಕೈಗೇ ಬಂದು, ಎಡಕ್ಕೆ ಬಲಕ್ಕೆ ತಾವೇ ತಿರುಗಿಸಿ ಹುಡುಕತೊಡಗಿದಾಗ ಬೆನ್ನಿನ ಕಂಪನ ಮರೆತುಹೋಗಿ, ವಸ್ತು ತಮ್ಮ ಮುಂದೆ, ಹೊರಗೆ ಇದೆ ಎಂಬ ಅನುಭವ ಬಂತು.

ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಿವಿಗೋ ಚರ್ಮಕ್ಕೋ ಸಂಕೇತ ಸುರಿದ ಮಾತ್ರಕ್ಕೆ ಮಿದುಳು ಕಲಿಯುವುದಿಲ್ಲ. ತಾನು ತಲೆ ತಿರುಗಿಸಿದರೆ ಸದ್ದು ಹೇಗೆ ಬದಲಾಯಿತು, ಕೈ ಚಾಚಿದರೆ ಏನು ಸಿಕ್ಕಿತು ಎಂಬ ಲೆಕ್ಕ ಕೂಡಿಸಿ ಕೂಡಿಸಿ ಅದು ಕಲಿಯುತ್ತದೆ. ಸುಮ್ಮನೆ ಕೂರಿಸಿ, ಸಂಗೀತ ಕೇಳಿಸಿ, ಎರಡೇ ದಿನದಲ್ಲಿ ಮಿದುಳನ್ನು ಬದಲಿಸುತ್ತೇವೆ ಎನ್ನುವವರನ್ನು ದೂರವಿಡಲು ಇದೊಂದೇ ಕಾರಣ ಸಾಕು.

ನೀವು ನೋಡಿದ್ದು ಬಹುಶಃ ನೆದರ್ಲೆಂಡ್ಸ್‌ನ ಎಂಜಿನಿಯರ್ ಪೀಟರ್ ಮೈಯರ್ 1992ರಲ್ಲಿ ಪ್ರಕಟಿಸಿದ 'ವಾಯ್ಸ್' ಎಂಬ ವಿಧಾನ. ಅದು ಕೆಲಸ ಮಾಡುವ ಕ್ರಮ ಹೀಗಿದೆ. ಕ್ಯಾಮೆರಾ ಕಂಡ ದೃಶ್ಯವನ್ನು ಅದು ಎಡದಿಂದ ಬಲಕ್ಕೆ ಸೆಕೆಂಡಿಗೊಮ್ಮೆ ಗುಡಿಸುತ್ತ ಹೋಗುತ್ತದೆ. ಮೇಲಿರುವುದು ತಾರ ಸ್ವರ, ಕೆಳಗಿರುವುದು ಮಂದ್ರ. ಬೆಳ್ಳಗಿರುವುದು ಜೋರು, ಮಸುಕಾದದ್ದು ಮೆತ್ತಗೆ, ಕಪ್ಪು ಎಂದರೆ ಮೌನ. ಕಪ್ಪು ಹಿನ್ನೆಲೆಯ ಮೇಲೆ ಒಂದು ಬಿಳಿ ಅಡ್ಡಗೆರೆ ಇದ್ದರೆ ಒಂದೇ ಸ್ವರ ಒಂದು ಸೆಕೆಂಡು ಎಳೆದಂತೆ ಕೇಳುತ್ತದೆ. ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಏರುವ ಗೆರೆ ಮಂದ್ರದಿಂದ ತಾರಕ್ಕೆ ಜಾರುವ ಒಂದು ಆರೋಹ. ನಿಂತ ಕಂಬವಾದರೆ ಎಲ್ಲ ಸ್ವರಗಳೂ ಒಮ್ಮೆಗೇ ಚಿಮ್ಮಿ ತಟ್ಟನೆ ನಿಲ್ಲುತ್ತವೆ. ಕಂಬ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಆ ಸೆಕೆಂಡಿನ ಯಾವ ಹಂತದಲ್ಲಿ ಸದ್ದು ಬಂತು ಎಂಬುದರಿಂದ ತಿಳಿಯುತ್ತದೆ. ಕಪ್ಪು ಮೇಜಿನ ಮೇಲಿನ ಬಿಳಿ ಲೋಟವನ್ನು ಹೀಗೆ ಹುಡುಕುವುದು ಕೆಲವು ಗಂಟೆಗಳ ಕಲಿಕೆಯಲ್ಲಿ ಸಾಧ್ಯ. ಸಂತೆಯ ದಿನ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಅದೇ ಸಾಧನ ಹಾಕಿಕೊಂಡು ನಿಂತರೆ? ನೂರಾರು ಅಂಚುಗಳು, ಬಣ್ಣಗಳು, ಓಡಾಡುವ ಜನ, ಎಲ್ಲವೂ ಒಂದೇ ಸೆಕೆಂಡಿನ ಸದ್ದಿನಲ್ಲಿ ಕಲಸಿಹೋಗುತ್ತವೆ.

ಇದು ಸಾಧನ ಮಾಡಿದವರ ಕೊರತೆಯಲ್ಲ, ದೇಹದ ಮಿತಿ. ಒಂದು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ಒಂದು ಕಿವಿಯ ಶ್ರವಣನರದಲ್ಲಿ ಇರುವುದು ಸುಮಾರು 30,000. ಕಣ್ಣು ಸಾಗಿಸುವಷ್ಟನ್ನು ಕಿವಿಯ ದಾರಿಯಲ್ಲಿ ಸಾಗಿಸಲು ಆಗುವುದಿಲ್ಲ. ಜೊತೆಗೆ ಕಿವಿ ಖಾಲಿ ಕುಳಿತಿಲ್ಲ. ಹಿಂದಿನಿಂದ ಬರುವ ಬೈಕು, ಎದುರಿನವರ ಮಾತು, ಗೋಡೆಯಿಂದ ಮರಳುವ ಹೆಜ್ಜೆ ಸಪ್ಪಳ, ನಿಮ್ಮ ಮಗಳಿಗೆ ಇವೆಲ್ಲ ಬರುವುದು ಅದೇ ದಾರಿಯಲ್ಲಿ. ಹೆಡ್‌ಫೋನ್ ಹಾಕಿ ಅದನ್ನು ಮುಚ್ಚಿದರೆ ಇದ್ದ ಜಗತ್ತನ್ನೂ ಕಸಿದುಕೊಂಡಂತೆ.

ಇಷ್ಟಾದರೂ ಮಿದುಳಿನೊಳಗೆ ನಡೆಯುವುದು ನಿಜಕ್ಕೂ ಅದ್ಭುತ, ಅದನ್ನು ವಿವರವಾಗಿಯೇ ಹೇಳಬೇಕು. ನೋಡುವವರಲ್ಲಿ ಕಣ್ಣಿನ ಸಂಕೇತಗಳು ತಲುಪುವುದು ಮಿದುಳಿನ ಹಿಂಭಾಗಕ್ಕೆ, ತಲೆಯ ಹಿಂದಿನ ಉಬ್ಬಿನ ಒಳಗಿರುವ ದೃಷ್ಟಿ ಪ್ರದೇಶಕ್ಕೆ. ದೃಷ್ಟಿಯಿಲ್ಲದವರಲ್ಲಿ ಆ ಭಾಗ ಸುಮ್ಮನಿರುತ್ತದೆ ಎಂದು ಬಹುಕಾಲ ನಂಬಿದ್ದೆವು. 1996ರಲ್ಲಿ ನೊರಿಹಿರೊ ಸದಾತೊ ಮತ್ತು ಸಂಗಡಿಗರು ಬ್ರೈಲ್ ಓದುತ್ತಿದ್ದ ಅಂಧರ ಮಿದುಳಿನ ಚಿತ್ರ ತೆಗೆದಾಗ ಆ ಭಾಗ ಚುರುಕಾಗಿ ಕೆಲಸ ಮಾಡುತ್ತಿತ್ತು. ಅದು ಓದಿಗೆ ನಿಜವಾಗಿ ಬೇಕೇ, ಇಲ್ಲವೆ ಸುಮ್ಮನೆ ಜೊತೆಗೆ ಮಿಂಚುತ್ತದೆಯೇ? ಮರುವರ್ಷವೇ ಲಿಯೊನಾರ್ಡೊ ಕೊಹೆನ್ ತಂಡ ತಲೆಯ ಹೊರಗಿನಿಂದ ಕಾಂತಸ್ಪಂದನ ಕೊಟ್ಟು ಆ ಭಾಗವನ್ನು ಕ್ಷಣಕಾಲ ಕದಡಿತು. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ತಪ್ಪತೊಡಗಿದರು. 2000ದಲ್ಲಿ ವರದಿಯಾದ ಇನ್ನೊಂದು ಪ್ರಕರಣ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಚಿಕ್ಕಂದಿನಿಂದ ಅಂಧರಾಗಿದ್ದ, ಬ್ರೈಲ್‌ನಲ್ಲಿ ನುರಿತ ಮಹಿಳೆಯೊಬ್ಬರಿಗೆ ಮಿದುಳಿನ ಹಿಂಭಾಗದ ಎರಡೂ ಬದಿಗೆ ಪಾರ್ಶ್ವವಾಯು ಬಡಿಯಿತು. ಬೆರಳಿಗೆ ಸ್ಪರ್ಶವಿತ್ತು, ಚುಕ್ಕೆಗಳು ತಾಕುತ್ತಿದ್ದವು. ಆದರೆ ಓದಲು ಬರಲಿಲ್ಲ. ಕಣ್ಣೇ ಬಳಸದ ವ್ಯಕ್ತಿಯ ಓದು ದೃಷ್ಟಿ ಪ್ರದೇಶಕ್ಕೆ ಪೆಟ್ಟಾದಾಗ ಹೋಯಿತು.

ಅಲ್ಲಿಂದಾಚೆಗೆ ಇನ್ನಷ್ಟು ತಿಳಿದಿದೆ. ನೋಡುವವರಲ್ಲಿ ಅಕ್ಷರಗಳನ್ನು ಗುರುತಿಸುವ ಒಂದು ನಿರ್ದಿಷ್ಟ ಜಾಗ ಮಿದುಳಿನ ಎಡಭಾಗದಲ್ಲಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದವರು ಬೆರಳಿನಿಂದ ಬ್ರೈಲ್ ಓದುವಾಗಲೂ ಅದೇ ಜಾಗ ಕೆಲಸ ಮಾಡುತ್ತದೆ ಎಂದು 2011ರಲ್ಲಿ ಅಮಿರ್ ಅಮೆಡಿ ತಂಡ ತೋರಿಸಿತು. ಮರುವರ್ಷ, 'ವಾಯ್ಸ್' ಮೂಲಕ ಸದ್ದಿನಲ್ಲಿ ಅಕ್ಷರ ಓದಲು ಕಲಿತವರಲ್ಲೂ ಅದನ್ನೇ ಕಂಡಿತು. ಆ ಜಾಗಕ್ಕೆ ಮುಖ್ಯವಾದದ್ದು ಓದು. ಸುದ್ದಿ ಕಣ್ಣಿನಿಂದ ಬಂತೋ ಬೆರಳಿನಿಂದ ಬಂತೋ ಕಿವಿಯಿಂದ ಬಂತೋ ಎಂಬುದು ಆಮೇಲಿನ ಮಾತು. ಅದೇ 2011ರಲ್ಲಿ ಮರೀನಾ ಬೆಡ್ನಿ ಮತ್ತು ಸಂಗಡಿಗರು ಹುಟ್ಟು ಅಂಧರ ದೃಷ್ಟಿ ಪ್ರದೇಶ ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುವ ಕೆಲಸದಲ್ಲೂ ಪಾಲ್ಗೊಳ್ಳುತ್ತದೆ ಎಂದು ಕಂಡರು. ನಿಮ್ಮ ಮಗಳ ತಲೆಯ ಹಿಂಭಾಗ ಪಾಳುಬಿದ್ದ ಹೊಲ ಎಂದು ತಿಳಿಯಬೇಡಿ. ಅಲ್ಲಿ ಬೇರೆ ಬೆಳೆ ಆಳೆತ್ತರಕ್ಕೆ ನಿಂತಿದೆ. ಅವಳ ಓದು, ಭಾಷೆ, ಸದ್ದಿನ ದಿಕ್ಕಿನ ಅರಿವು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಬ್ರೈಲ್ ಬಿಡಿಸುವುದೆಂದರೆ ಆ ಬೆಳೆಯನ್ನು ಕೀಳುವುದು.

ಮಿದುಳು ಇದನ್ನು ಸಾಧಿಸುವುದು ಹೇಗೆ? ಹೊಸ ನರಗಳ ಜಾಲ ಹೆಣೆಯುತ್ತದೆ, ತನ್ನನ್ನು ತಾನೇ ಪೂರ್ತಿ ಮರುಕಟ್ಟಿಕೊಳ್ಳುತ್ತದೆ ಎಂಬ ಮಾತು ಜಾಹೀರಾತುಗಳಲ್ಲಿ ಧಾರಾಳವಾಗಿ ಬರುತ್ತದೆ. ನಾನು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಲೊಟ್ಫಿ ಮೆರಾಬೆಟ್ ತಂಡ ದೃಷ್ಟಿಯುಳ್ಳವರಿಗೇ ಐದು ದಿನ ಹಗಲೂ ರಾತ್ರಿ ಕಣ್ಣು ಕಟ್ಟಿ ಬ್ರೈಲ್ ಕಲಿಸಿತು. ಈ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಐದನೇ ದಿನಕ್ಕೆ ಅವರ ದೃಷ್ಟಿ ಪ್ರದೇಶ ಸ್ಪರ್ಶಕ್ಕೆ ಸ್ಪಂದಿಸತೊಡಗಿತ್ತು. ಪಟ್ಟಿ ಬಿಚ್ಚಿದ ಒಂದೇ ದಿನದಲ್ಲಿ ಅದು ಮಾಯವಾಯಿತು. ಐದು ದಿನದಲ್ಲಿ ಹೊಸ ಹಾದಿಗಳು ಬೆಳೆದು, ಒಂದು ದಿನದಲ್ಲಿ ಒಣಗುವುದು ಸಾಧ್ಯವಿಲ್ಲ. ಕಿವಿ, ಚರ್ಮಗಳಿಂದ ಆ ಪ್ರದೇಶಕ್ಕೆ ತೆಳುವಾದ ಹಾದಿಗಳು ನಮ್ಮೆಲ್ಲರಲ್ಲೂ ಮೊದಲೇ ಇವೆ, ಕಣ್ಣಿನ ಅಬ್ಬರದಲ್ಲಿ ಅವು ಅಡಗಿರುತ್ತವೆ ಎಂಬುದೇ ಹೆಚ್ಚು ಸಮಂಜಸ. 2023ರಲ್ಲಿ ತಮರ್ ಮೇಕಿನ್ ಮತ್ತು ಜಾನ್ ಕ್ರಾಕೌರ್ ಹಳೆಯ ಪ್ರಯೋಗಗಳನ್ನೆಲ್ಲ ಒರೆಗೆ ಹಚ್ಚಿ ಇದನ್ನೇ ವಾದಿಸಿದ್ದಾರೆ. ಮಿದುಳು ಹೊಸ ಕೆಲಸವನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ, ಇದ್ದ ಸಾಮರ್ಥ್ಯವನ್ನು ಅಭ್ಯಾಸದಿಂದ ಬಲಪಡಿಸುತ್ತದೆ ಎಂಬುದು ಅವರ ನಿಲುವು. ತಂದೆಯಾಗಿ ನಿಮಗೆ ಇದರಲ್ಲಿ ಬೇಕಾದದ್ದು 'ಅಭ್ಯಾಸ' ಎಂಬ ಭಾಗ.

ಹಾರ್ಮೋನಿಯಂ ಬಗ್ಗೆಯೂ ಬರೆದಿದ್ದೀರಿ. ಒಂದು ಇಂದ್ರಿಯ ಹೋದರೆ ದೇವರು ಇನ್ನೊಂದನ್ನು ಇಮ್ಮಡಿ ಕೊಡುತ್ತಾನೆ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಕೆನಡಾದಲ್ಲಿ ಡೇನಿಯಲ್ ಗೋಲ್ಡ್‌ರೀಚ್ ತಂಡ ಇದನ್ನು ಅಂದವಾಗಿ ಪರೀಕ್ಷಿಸಿತು. ಅಂಧರ ಬೆರಳತುದಿ ನೋಡುವವರದ್ದಕ್ಕಿಂತ ಸೂಕ್ಷ್ಮವಾಗಿತ್ತು, ತುಟಿ ಮಾತ್ರ ಎಲ್ಲರ ತುಟಿಯಂತೆಯೇ ಇತ್ತು. ಅದರಲ್ಲೂ ಬ್ರೈಲ್ ಓದುವ ಬೆರಳೇ ಚುರುಕು. ವರವಾಗಿದ್ದರೆ ತುಟಿಗೂ ಬರಬೇಕಿತ್ತು. ಕೆಲಸ ಮಾಡಿದ ಬೆರಳಿಗಷ್ಟೇ ಅದು ಬಂದಿದೆ. ಸ್ವರದ ಏರಿಳಿತ ಗುರುತಿಸುವುದರಲ್ಲಿ ಎಳವೆಯಲ್ಲೇ ದೃಷ್ಟಿ ಹೋದವರು ನೋಡುವವರಿಗಿಂತ ಮುಂದಿದ್ದಾರೆ, ತಡವಾಗಿ ಹೋದವರಲ್ಲಿ ಆ ಹೆಚ್ಚುಗಾರಿಕೆ ಕಾಣಲಿಲ್ಲ ಎಂದು 2004ರ ಒಂದು ಅಧ್ಯಯನ ಹೇಳುತ್ತದೆ. ಹಾಗಾಗಿ ನಿಮ್ಮ ಮಗಳ ಕಿವಿ ಚುರುಕಾಗಿರಬಹುದು. ಸಂಗೀತ ಬರಲು ಅಷ್ಟು ಸಾಲದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಈಗಿನ ಹಾವೇರಿ ಜಿಲ್ಲೆಯಲ್ಲೇ ಹುಟ್ಟಿದವರು, ಇಬ್ಬರಿಗೂ ದೃಷ್ಟಿ ಇರಲಿಲ್ಲ. ಅವರ ವಿದ್ಯೆಯನ್ನು ಅಂಧತ್ವದ ವರ ಎಂದರೆ ಅವರ ದಶಕಗಳ ಸಾಧನೆಯನ್ನು ಕಡೆಗಣಿಸಿದಂತೆ. ಮಗಳಿಗೆ ಒಳ್ಳೆಯ ಗುರುಗಳನ್ನು ಹುಡುಕಿ.

ವಯಸ್ಸಿನ ಪ್ರಶ್ನೆಗೆ ಬರುತ್ತೇನೆ. ಶಿಬಿರದವರ 'ಹನ್ನೆರಡು ವರ್ಷ'ದ ಬೆದರಿಕೆಯಲ್ಲಿ ಒಂದು ಎಳೆ ನಿಜವನ್ನು ಕದ್ದು ಸೇರಿಸಲಾಗಿದೆ. 1999ರಲ್ಲಿ ಕೊಹೆನ್ ತಂಡ, ಹದಿನಾಲ್ಕು ವಯಸ್ಸಿನ ಆಚೆಗೆ ದೃಷ್ಟಿ ಕಳೆದುಕೊಂಡವರ ಬ್ರೈಲ್ ಓದಿಗೆ ದೃಷ್ಟಿ ಪ್ರದೇಶ ಅನಿವಾರ್ಯವಾಗಿಲ್ಲ ಎಂದು ಕಂಡಿತು. ಸದಾತೊ ಅವರ ಲೆಕ್ಕದಲ್ಲಿ ಅದು ಹದಿನಾರು. ಇದರ ಅರ್ಥ ಇಷ್ಟೇ: ದೃಷ್ಟಿ ಪ್ರದೇಶ ಬೇರೆ ಕೆಲಸಗಳನ್ನು ಆಳವಾಗಿ ವಹಿಸಿಕೊಳ್ಳುವುದು ಎಳೆಯ ವಯಸ್ಸಿನಲ್ಲಿ. ಆ ವಯಸ್ಸು ಕಳೆದ ಮೇಲೆ ಕಲಿಕೆಯ ಬಾಗಿಲು ಮುಚ್ಚುತ್ತದೆ ಎಂದು ಅವರಾರೂ ಹೇಳಿಲ್ಲ. ಮುಂದೆಂದಾದರೂ ಚಿಕಿತ್ಸೆ ಬಂದರೆ ಅವಳ ಮಿದುಳು ಆಗ ಸ್ವೀಕರಿಸೀತೇ ಎಂಬ ಭಯವೂ ನಿಮ್ಮ ಮಾತಿನ ಹಿಂದೆ ಇದ್ದೀತು. ದೆಹಲಿಯಲ್ಲಿ ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಲ್ಲಿ ಹುಟ್ಟಿನಿಂದ ಅಂಧರಾಗಿದ್ದ, ಚಿಕಿತ್ಸೆಯಿಂದ ಸರಿಪಡಿಸಬಹುದಾದ ತೊಂದರೆಯಿದ್ದ ಮಕ್ಕಳಿಗೆ ದೃಷ್ಟಿ ಕೊಡಿಸಲಾಯಿತು. 2011ರಲ್ಲಿ ವರದಿಯಾದ ಐವರು 8ರಿಂದ 17 ವರ್ಷದವರು. ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಕಣ್ಣಿನಿಂದ ಗುರುತಿಸಲು ಅವರಿಗೆ ಮೊದಲಿಗೆ ಆಗಲಿಲ್ಲ, ಕೆಲವೇ ದಿನಗಳಲ್ಲಿ ಬಂತು. ನಿಮ್ಮ ಮಗಳ ತೊಂದರೆ ರೆಟಿನಾದ್ದು, ಆ ಮಕ್ಕಳದ್ದು ಬೇರೆ. ಆದರೂ ಹನ್ನೆರಡಕ್ಕೆ ಮಿದುಳಿಗೆ ಬೀಗ ಬೀಳುತ್ತದೆ ಎಂಬ ಮಾತು ಸುಳ್ಳು ಎನ್ನಲು ಅವರೇ ಸಾಕ್ಷಿ.

ಹಾಗಾದರೆ ಏನು ಮಾಡಬೇಕು? ಮಗಳಿಗೆ ಬ್ರೈಲ್ ಮೊದಲು. ಒಂದೊಂದು ಚುಕ್ಕೆಯ ನಡುವೆ ಎರಡೂವರೆ ಮಿಲಿಮೀಟರಿನಷ್ಟೇ ಅಂತರ, ಎತ್ತರ ಅರ್ಧ ಮಿಲಿಮೀಟರ್. ಅದನ್ನು ನಿಲ್ಲಿಸದೆ ಸವರುತ್ತ ಓದುವ ಬೆರಳು ದಿನವೂ ಓದಬೇಕು. ಮೊಬೈಲ್ ಓದಿ ಹೇಳುತ್ತದಲ್ಲ, ಬ್ರೈಲ್ ಯಾಕೆ ಎಂದು ಈಗ ಶಾಲೆಗಳಲ್ಲೂ ಕೇಳುತ್ತಾರೆ. ಕೇಳಿ ತಿಳಿಯುವುದರಿಂದ ಕಾಗುಣಿತ ಬರುವುದಿಲ್ಲ, ಒತ್ತಕ್ಷರ ಎಲ್ಲಿದೆ ಎಂದು ತಿಳಿಯುವುದಿಲ್ಲ, ಗಣಿತ ಬರುವುದಿಲ್ಲ. ಮೊಬೈಲಿನ ಟಾಕ್‌ಬ್ಯಾಕ್ ಕನ್ನಡವನ್ನು ಓದಿ ಹೇಳಬಲ್ಲದು, ಅದನ್ನೂ ಕಲಿಯಲಿ, ಬ್ರೈಲ್‌ಗೆ ಬದಲಾಗಿ ಬೇಡ.

ಜೊತೆಗೆ ಬಿಳಿ ಕೋಲು. ಚಿಕ್ಕವಳು, ನಾವೇ ಕೈಹಿಡಿದು ಕರೆದೊಯ್ಯುತ್ತೇವೆ ಎಂದು ಅನೇಕ ಮನೆಗಳಲ್ಲಿ ಇದನ್ನು ಮುಂದೂಡುತ್ತಾರೆ. ಕೋಲೂ ಇಂದ್ರಿಯ ಬದಲಿಯ ಸಾಧನವೇ. ನೆಲದ ಉಬ್ಬು ತಗ್ಗು, ಮೆಟ್ಟಿಲ ಅಂಚು, ಮಣ್ಣು ಮುಗಿದು ಕಾಂಕ್ರೀಟ್ ಆರಂಭವಾದದ್ದು ಎಲ್ಲವೂ ಅದರ ತುದಿಯಿಂದ ಅಂಗೈಗೆ ಬರುತ್ತವೆ. ಒಗ್ಗಿದ ಮೇಲೆ ಅಂಗೈ ಮರೆತು ತುದಿಯೇ ಮುಟ್ಟಿದಂತೆ ಅನ್ನಿಸುತ್ತದೆ. ಕೋಲಿಗೆ ಸಿಗದ ಒಂದು ಅಪಾಯವಿದೆ, ಮೊಣಕಾಲಿನಿಂದ ಮೇಲೆ ಚಾಚಿಕೊಂಡಿರುವ ವಸ್ತುಗಳು: ಕಿಟಕಿಯ ತೆರೆದ ಬಾಗಿಲು, ನಿಂತ ಲಾರಿಯ ಹಿಂಬದಿ, ತಗ್ಗಿದ ಕೊಂಬೆ. ಇದಕ್ಕೆಂದೇ ದೆಹಲಿಯ ಐಐಟಿಯಲ್ಲಿ ರೂಪುಗೊಂಡ ಸ್ಮಾರ್ಟ್‌ಕೇನ್ ಇದೆ. ಸಾಮಾನ್ಯ ಬಿಳಿ ಕೋಲಿನ ಹಿಡಿಗೆ ಜೋಡಿಸುವ ಈ ಸಾಧನ ಶ್ರವಣಾತೀತ ಅಲೆ ಕಳಿಸಿ, ಅಡ್ಡಿಯ ದೂರವನ್ನು ಹಿಡಿಯ ಕಂಪನದಿಂದ ತಿಳಿಸುತ್ತದೆ. ಅದು ಹೇಳುವುದು ಒಂದೇ ಸಂಗತಿಯನ್ನು, ಆದ್ದರಿಂದಲೇ ಚೆನ್ನಾಗಿ ಹೇಳುತ್ತದೆ. ಕಿವಿಯನ್ನು ಬಿಟ್ಟುಕೊಡಬೇಕಿಲ್ಲ. ಅಪಾಯ ಎಂದರೆ ಅದನ್ನು ನಂಬಿ ಕೋಲನ್ನು ನೆಲದಿಂದ ಎತ್ತುವುದು. ಗುಂಡಿಯನ್ನು, ತೆರೆದ ಚರಂಡಿಯನ್ನು ಹೇಳುವುದು ಕೋಲಿನ ತುದಿ ಮಾತ್ರ.

ಮೂರನೆಯದಕ್ಕೆ ಕಾಸು ಬೇಡ. ನಾಲಿಗೆಯಿಂದ ಲೊಟಕ್ಕನೆ ಸದ್ದು ಮಾಡಿ, ಮರಳುವ ಪ್ರತಿಧ್ವನಿಯಿಂದ ಗೋಡೆ, ಬಾಗಿಲು, ಕಂಬ ತಿಳಿಯುವ ವಿದ್ಯೆ. ಅಮೆರಿಕದ ಡೇನಿಯಲ್ ಕಿಶ್ ಇದರಲ್ಲಿ ಪಳಗಿ ಜಗತ್ತಿಗೆಲ್ಲ ಕಲಿಸುತ್ತಿದ್ದಾರೆ. ಹೀಗೆ ಪಳಗಿದವರಲ್ಲಿ ಪ್ರತಿಧ್ವನಿ ಕೇಳಿದಾಗ ದೃಷ್ಟಿ ಪ್ರದೇಶವೇ ಸ್ಪಂದಿಸುತ್ತದೆ ಎಂದು 2011ರಲ್ಲಿ ಲೋರ್ ಥೇಲರ್ ಮತ್ತು ಸಂಗಡಿಗರು ತೋರಿಸಿದರು. 2021ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದಲ್ಲಿ ಹನ್ನೆರಡು ಅಂಧರೂ ಹದಿನಾಲ್ಕು ದೃಷ್ಟಿಯುಳ್ಳವರೂ ಹತ್ತು ವಾರ ಕಲಿತರು. ವಯಸ್ಸು 21ರಿಂದ 79. ವಯಸ್ಸಾದವರೂ ಕಲಿತರು. ದೃಷ್ಟಿಯಿಲ್ಲದ ಮಕ್ಕಳು ಚಪ್ಪಾಳೆ ತಟ್ಟುತ್ತ, ಕಾಲು ಬಡಿಯುತ್ತ, ಬಾಯಲ್ಲಿ ಸದ್ದು ಮಾಡುತ್ತ ಓಡಾಡುವುದುಂಟು. ದಯವಿಟ್ಟು ಗದರಿಸಬೇಡಿ. ಅವರು ಕೋಣೆಯನ್ನು ಅಳೆಯುತ್ತಿದ್ದಾರೆ. ಮನೆಯಲ್ಲೇ ಆರಂಭಿಸಬಹುದು: ದೊಡ್ಡ ತಟ್ಟೆಯೊಂದನ್ನು ಅವಳ ಮುಖದ ಮುಂದೆ ಒಂದು ಅಡಿ ದೂರದಲ್ಲಿ ಹಿಡಿದು, ತೆಗೆದು, ಇದೆಯೋ ಇಲ್ಲವೋ ಎಂದು ಸದ್ದು ಮಾಡಿ ಹೇಳಲಿ. ಆಮೇಲೆ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳಲಿ.

ವಿಡಿಯೊದ 'ವಾಯ್ಸ್' ಅನ್ನು ಬೇಡ ಎನ್ನುವುದಿಲ್ಲ. ಅದರ ಆಂಡ್ರಾಯ್ಡ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದಕ್ಕಾಗಿ ಯಾರಾದರೂ ಲಕ್ಷ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸ್ವರದಲ್ಲಿ ಆಸಕ್ತಿಯಿರುವ ಹುಡುಗಿಗೆ ಗೆರೆ, ತ್ರಿಕೋನ, ರಂಗೋಲಿಯ ಆಕಾರಗಳನ್ನು ಕೇಳಿ ಗುರುತಿಸುವುದು ಖುಷಿಯ ಆಟವಾದೀತು. ಮನೆಯೊಳಗೆ, ದಿನಕ್ಕೆ ಅರ್ಧ ಗಂಟೆ, ಅವಳೇ ಫೋನನ್ನು ಹಿಡಿದು ತಿರುಗಿಸುವಂತೆ ಇರಲಿ. ರಸ್ತೆಯಲ್ಲಿ ಬೇಡ. ಸಂಶೋಧನೆಯಲ್ಲಿ ಪಾಲ್ಗೊಂಡವರು ಓದುವ ಹಂತ ಮುಟ್ಟಲು ಸುಮಾರು 70 ಗಂಟೆಗಳ ತರಬೇತಿ ಬೇಕಾಯಿತು. ಅವರಲ್ಲಿ ಕೆಲವರು ದೃಷ್ಟಿ ಪರೀಕ್ಷೆಯ ಫಲಕದಲ್ಲಿ ಅಂಧತ್ವದ ಮಿತಿಯನ್ನು ದಾಟಿದರು ಎಂಬ ಸುದ್ದಿಯೂ ನಿಮ್ಮ ಕಣ್ಣಿಗೆ ಬೀಳಬಹುದು. ಅದು ನಿಜವೇ. ಆದರೆ ಒಂದೊಂದೇ ಅಕ್ಷರವನ್ನು ನಿಧಾನವಾಗಿ ಕೇಳಿ ಗುರುತಿಸುವುದು ಬೇರೆ, ಓಡುವ ಜಗತ್ತಿನಲ್ಲಿ ನೋಡುವುದು ಬೇರೆ. ನಾಲಿಗೆಯ ಮೇಲೆ ಚಿತ್ರ ಮೂಡಿಸುವ ಬ್ರೈನ್‌ಪೋರ್ಟ್ ಎಂಬ ಸಾಧನಕ್ಕೆ 2015ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು. ಒಂದು ವರ್ಷ ತರಬೇತಿ ಮುಗಿಸಿದ 74 ಜನರಲ್ಲಿ ಶೇ 69 ಮಂದಿ ವಸ್ತು ಗುರುತಿಸುವ ಪರೀಕ್ಷೆಯಲ್ಲಿ ಗೆದ್ದರು. ಒಂದು ವರ್ಷದ ಬಳಿಕವೂ ಹತ್ತರಲ್ಲಿ ಮೂವರಿಗೆ ಆಗಲಿಲ್ಲ ಎಂಬುದನ್ನೂ ಅದರಲ್ಲೇ ಓದಬೇಕು. ಕೆಲವರಿಗೆ ನಾಲಿಗೆ ಚುರುಗುಟ್ಟುವುದು, ಲೋಹದ ರುಚಿ ಬರುವುದೂ ಇತ್ತು. ದುಬಾರಿ ಸಾಧನಗಳಿಗೆ ಇನ್ನೊಂದು ಅಪಾಯವಿದೆ. ಕಣ್ಣಿನೊಳಗೆ ಅಳವಡಿಸುವ ಆರ್ಗಸ್ 2 ಎಂಬ ಕೃತಕ ರೆಟಿನಾವನ್ನು ತಯಾರಕರು 2019ರಲ್ಲಿ ನಿಲ್ಲಿಸಿದರು. ಹಾಕಿಸಿಕೊಂಡಿದ್ದವರು ದುರಸ್ತಿಗೆ ದಿಕ್ಕಿಲ್ಲದೆ ಉಳಿದರು. ವಿದೇಶದಿಂದ ಸಾಲ ಮಾಡಿ ತರಿಸಿದ ಸಾಧನ ಕೆಟ್ಟರೆ ಹಾವೇರಿಯಲ್ಲಿ ಯಾರು ನೋಡುತ್ತಾರೆ? ಸಾಲ ಮಾಡಬೇಡಿ.

ಸೋದರಮಾವನ ಬಗ್ಗೆ ನೀವು ಎರಡೇ ಸಾಲು ಬರೆದಿದ್ದೀರಿ. ನನಗೆ ಹೆಚ್ಚು ಆತಂಕ ಅವರದ್ದೇ. ನಲವತ್ತು ವರ್ಷ ನೋಡಿದ ಮಿದುಳು ಅವರದ್ದು. ದೃಷ್ಟಿ ಹೋದರೂ ಅಂಗಡಿಯ ಕಪಾಟು, ತಕ್ಕಡಿ, ಊರಿನ ಬೀದಿ ಒಳಗೆ ಚಿತ್ರವಾಗಿ ಉಳಿದಿವೆ. ತಡವಾಗಿ ದೃಷ್ಟಿ ಕಳೆದುಕೊಂಡ ಇಬ್ಬರು, ದೀರ್ಘಕಾಲ 'ವಾಯ್ಸ್' ಬಳಸಿದ ಮೇಲೆ ಸದ್ದು ಕೇಳಿದಾಗ ಬೆಳಕು, ಆಕಾರ ಕಂಡಂತಾಗುತ್ತದೆ ಎಂದು ಹೇಳಿರುವುದು 2010ರಲ್ಲಿ ದಾಖಲಾಗಿದೆ. ಹುಟ್ಟಿನಿಂದ ನೋಡದ ನಿಮ್ಮ ಮಗಳಿಗೆ ಅಂಥ ಅನುಭವ ಬರಲಾರದು, ಅದರ ಕೊರತೆಯೂ ಅವಳಿಗೆ ಕಾಡದು. ಮಾವನಿಗೆ ಕಾಡುತ್ತದೆ. ಅವರು ಬಯಸಿದರೆ ಆ ಉಚಿತ ಆ್ಯಪ್ ಪ್ರಯತ್ನಿಸಲಿ, ದೃಷ್ಟಿ ಮರಳುತ್ತದೆ ಎಂದು ಮಾತ್ರ ಯಾರೂ ಆಸೆ ಹುಟ್ಟಿಸಬೇಡಿ. ಈ ವಯಸ್ಸಿನಲ್ಲಿ ಬ್ರೈಲ್ ನಿಧಾನ, ಸಾಧ್ಯವಂತೂ ಹೌದು. ಡಬ್ಬಿಗಳ ಮೇಲೆ ಹೆಸರು ಅಂಟಿಸುವಷ್ಟು ಕಲಿತರೂ ಅಂಗಡಿಗೆ ಆಯಿತು. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮನಿ ಎಂಬ ಆ್ಯಪ್ 2020ರಿಂದ ಇದೆ. ಮಾತನಾಡುವ ತೂಕದ ಯಂತ್ರಗಳೂ ಸಿಗುತ್ತವೆ. ಇವೆಲ್ಲಕ್ಕೂ ಮೊದಲು ಅವರು ಮನೆಯ ಹೊಸ್ತಿಲು ದಾಟಬೇಕು. ಎರಡು ವರ್ಷ ಹೊರಗೇ ಬಂದಿಲ್ಲ ಎಂದರೆ ಅದು ಖಿನ್ನತೆಯಿರಬಹುದು. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಅದಕ್ಕೆ ಔಷಧಿ ಇದೆ, ಫಲವೂ ಇದೆ. ಇನ್ನೊಂದು ಮಾತು: ಗ್ಲಾಕೋಮಾ ಮನೆತನದಲ್ಲಿ ಬರುವ ಕಾಯಿಲೆ. ನಿಮ್ಮ ಹೆಂಡತಿಯವರೂ ಅವರ ಒಡಹುಟ್ಟಿದವರೂ ನೋವಿಲ್ಲದಿದ್ದರೂ, ಚೆನ್ನಾಗಿ ಕಾಣುತ್ತಿದ್ದರೂ ಈಗಲೇ ಕಣ್ಣಿನ ಒತ್ತಡ ಮತ್ತು ದೃಷ್ಟಿನರದ ಪರೀಕ್ಷೆ ಮಾಡಿಸಿಕೊಳ್ಳಲಿ. ಈ ಪತ್ರದಲ್ಲಿ ಒಂದು ದಿನವೂ ತಡ ಮಾಡಬಾರದ ವಿಷಯ ಇದೊಂದೇ.

ಹಣದ ಬಗ್ಗೆ: ಇಬ್ಬರಿಗೂ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಆಗಿದೆಯೇ ನೋಡಿ. ಕೇಂದ್ರದ ಎಡಿಐಪಿ ಯೋಜನೆಯಡಿ ಸಹಾಯಕ ಸಾಧನಗಳಿಗೆ ನೆರವು ಸಿಗುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕೇಳಿ, ಅಲ್ಲಿ ಆಗದಿದ್ದರೆ ಜಿಲ್ಲಾ ಕೇಂದ್ರದಲ್ಲಿರುವ ವಿಕಲಚೇತನರ ಇಲಾಖೆಯ ಕಚೇರಿಗೆ ಹೋಗಿ. ಮಗಳ ರೆಟಿನಾ ತೊಂದರೆ ಯಾವ ಬಗೆಯದು ಎಂದು ಬೆಂಗಳೂರಿನ ವೈದ್ಯರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಂಶವಾಹಿ ಪರೀಕ್ಷೆ ಆಗಿಲ್ಲದಿದ್ದರೆ ಅದು ಉಪಯುಕ್ತವೇ ಎಂದು ಕೇಳಿ. ಒಂದು ನಿರ್ದಿಷ್ಟ ವಂಶವಾಹಿಯ ದೋಷಕ್ಕೆ 2017ರಿಂದ ಚಿಕಿತ್ಸೆ ಇದೆ, ಬಹುಪಾಲು ದೋಷಗಳಿಗೆ ಇನ್ನೂ ಇಲ್ಲ. ಬೆಳಕು ಬಂದ ದಿಕ್ಕು ಅವಳಿಗೆ ತಿಳಿಯುತ್ತದೆಯೇ ಎಂಬುದನ್ನೂ ಆ ಭೇಟಿಯಲ್ಲಿ ಪರೀಕ್ಷಿಸಿ ಬರೆಸಿಕೊಳ್ಳಿ. ಅಷ್ಟು ತಿಳಿಯುವುದಾದರೆ ಕಿಟಕಿ, ಬಾಗಿಲು ಗುರುತಿಸಲು ಅದನ್ನೇ ಬಳಸುವಂತೆ ನಡಿಗೆ ತರಬೇತುದಾರರು ಕಲಿಸುತ್ತಾರೆ, ಮತ್ತು ಅವರು ಕೇಳುವ ಮೊದಲ ಪ್ರಶ್ನೆಯೂ ಅದೇ ಆಗಿರುತ್ತದೆ.